ಮಾಕೊಮೆಯ ಕೈಗೆ ಕೊಟ್ಟ ಮಗಳು

ಜೆರೆಮಿ ಪಟ್ಟಣದ ಮೇಲಿನ ಗುಡ್ಡದಲ್ಲಿ ಕ್ಲೆರ್ಮೀಸಳ ಬಾಯಿಗೆ ಹೆದರದವರಿರಲಿಲ್ಲ. ಮಗಳ ಮಾತು ಬಂದರೆ ಮಾತ್ರ ಆ ಬಾಯಿ ಕಟ್ಟಿಹೋಗುತ್ತಿತ್ತು. ಎಂಟು ವರ್ಷದ ಗೆರ್ಲಾಂದಳನ್ನು ಅವಳೇ ಕೈಯಾರೆ ರಾಜಧಾನಿಗೆ ಕಳಿಸಿದ್ದಳು. ಕಂಡಕಂಡವರ ಮನೆಗಲ್ಲ, ಇಮಾಕುಲಾಳ ಮನೆಗೆ. ಚರ್ಚಿನಲ್ಲಿ ಹೆಸರಿಡುವ ದಿನ ಮಗುವನ್ನು ಎತ್ತಿಕೊಂಡು ನಿಂತವಳು ಅವಳು. ಹಾಗೆ ನಿಂತವಳೂ ಹೆತ್ತವಳೂ ಒಬ್ಬರಿಗೊಬ್ಬರು ಮಾಕೊಮೆಯಾಗುತ್ತಾರೆ, ಒಡಹುಟ್ಟಿದವರಿಗಿಂತ ಹೆಚ್ಚು. "ಶಾಲೆಗೆ ಹಾಕ್ತೀನಿ, ಮನೇಲಿ ಒಂಚೂರು ಕೈ ಆಡಿಸಿದ್ರೆ ಸಾಕು" ಎಂದಳು ಇಮಾಕುಲಾ. ಮಾಕೊಮೆ ಆಡಿದ್ದಕ್ಕೆ ಎದುರು ಪ್ರಶ್ನೆ ಕೇಳುವುದು ಗುಡ್ಡದವರಲ್ಲಿ ಅವಮಾನ. ಕ್ಲೆರ್ಮೀಸ್ ಕೇಳಲಿಲ್ಲ. ತಪ್ಪಾದದ್ದೇ ಅಲ್ಲಿ.

ಪ್ರತಿ ಸುಗ್ಗಿಗೆ ಹಾಯಿದೋಣಿಯಲ್ಲಿ ಒಂದು ಚೀಲ ತೊಗರಿ ಹೋಗುತ್ತಿತ್ತು, ಮಗಳು ತಿನ್ನಲಿ ಎಂದು. ಫೋನಿನಲ್ಲಿ ಇಮಾಕುಲಾಳ ದನಿ ಬರುತ್ತಿತ್ತು: "ಚೆನ್ನಾಗಿದಾಳೆ ಮಾಕೊಮೆ, ಶಾಲೆಗೆ ಹೋಗಿದಾಳೆ." ಯಾವಾಗ ಕೇಳಿದರೂ ಹುಡುಗಿ ಶಾಲೆಯಲ್ಲೇ. ಭಾನುವಾರವೂ! ಕ್ಲೆರ್ಮೀಸಳಿಗೆ ಅನುಮಾನ ಬರಲಿಲ್ಲವೆಂದಲ್ಲ, ಬಂದದ್ದನ್ನು ನುಂಗಿಕೊಂಡಳು. ಮಗಳ ವಯಸ್ಸಿನ ಹುಡುಗಿಯರು ನೀರಿಗೆ ಹೋಗುವಾಗ ಅವರನ್ನು ತಡೆದು ನಿಲ್ಲಿಸಿ, ತಲೆ ತನ್ನ ಭುಜಕ್ಕೆ ಬರುತ್ತದೆಯೇ ಎಂದು ನೋಡುತ್ತಿದ್ದಳು. ಆರು ವರ್ಷ ಹೀಗೆಯೇ ಹಂಬಲಿಸಿದಳು.

ಆಮೇಲೆ ಬಂದೂಕಿನ ಹುಡುಗರು ಇಮಾಕುಲಾಳ ಕೇರಿಗೆ ಬೆಂಕಿ ಇಟ್ಟರು. ಅವಳು ಉಟ್ಟ ಬಟ್ಟೆಯಲ್ಲಿ ಗುಡ್ಡಕ್ಕೆ ಓಡಿಬಂದಳು. ಒಬ್ಬಳೇ.

"ನಂಗೇ ಗತಿ ಇರ್ಲಿಲ್ಲ ಮಾಕೊಮೆ. ಮೂರು ವರ್ಷದ ಹಿಂದೇನೇ ಅವಳನ್ನ ಇನ್ನೊಬ್ಬ ಮದಾಮ್ ಮನೇಲಿ ಬಿಟ್ಟೆ. ಆ ಬೀದಿಯೋರೆಲ್ಲ ಈಗ ಬಂದರಿನ ಹತ್ರ ಒಂದು ಶಾಲೇಲಿ ಬಿದ್ಕೊಂಡಿದಾರಂತೆ."

"ಮೂರು ವರ್ಷ ನನ್ನ ತೊಗರಿ ತಿಂದ್ಯಲ್ಲೇ, ಜೀರ್ಣ ಆಯ್ತಾ?" ಎಂದಳು ಕ್ಲೆರ್ಮೀಸ್.

ರಸ್ತೆಯ ತುಂಬ ಬಂದೂಕುಗಳು. ಆದ್ದರಿಂದ ರಾಜಧಾನಿಗೆ ದೋಣಿಯಲ್ಲೇ ಹೋದಳು. ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಂತೆ ಟಾರ್ಪಾಲಿನ ಗುಡಾರಗಳು. ಹೆಸರು ಹೇಳಿ ವಿಚಾರಿಸಿದರೆ ಎಲ್ಲರೂ ಮುಖ ತಿರುಗಿಸಿದರು. ಜನರನ್ನು ಎತ್ತಿಹಾಕಿಕೊಂಡು ಹೋಗುವ ಬಂದೂಕಿನವರೂ ಹೆಸರು ಹಿಡಿದೇ ಕೇಳುತ್ತಾರಲ್ಲ. ಕೊನೆಗೆ ಅವಳು ಗುಡ್ಡದವರಂತೆ ಪ್ರತಿ ಗುಡಾರದ ಮುಂದೆಯೂ ನಿಂತು "ಮಾನ!" ಎಂದು ಕೂಗತೊಡಗಿದಳು. ಊರಲ್ಲಾದರೆ ಒಳಗಿನವರು "ಮರ್ಯಾದೆ!" ಎನ್ನಬೇಕು, ಆಮೇಲೆಯೇ ಹೊಸಿಲು ದಾಟಬೇಕು.

"ಅದೆಲ್ಲ ಮನೆ ಜೊತೇಲೇ ಸುಟ್ಟೋಯ್ತಕ್ಕ, ಬೇರೆ ಏನಾದ್ರೂ ಕೂಗು" ಎಂದು ಒಬ್ಬ ನಕ್ಕ. ಅವಳು ಕೂಗುವುದನ್ನು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತ್ತು.

ಹಿಂದಿನ ಗೋಡೆಯ ಹತ್ತಿರದ ಗುಡಾರದೊಳಗಿಂದ ಎಳೆದು ಆಡುವ ಗುಡ್ಡದ ದನಿಯೊಂದು ಹೇಳಿತು, "ಮರ್ಯಾದೆ!"

ಉದ್ದಕ್ಕೆ ಬೆಳೆದ ಹುಡುಗಿಯೊಬ್ಬಳು ತಗಡಿನ ಲೋಟದಲ್ಲಿ ನೀರು ತಂದುಕೊಟ್ಟು, ತಲೆ ತಗ್ಗಿಸಿ ದೂರ ನಿಂತಳು. ಬಂದವಳ ಗುರುತು ಹಿಡಿಯಲಿಲ್ಲ. ಅವಳ ತಲೆ ಕ್ಲೆರ್ಮೀಸಳ ಭುಜವನ್ನು ದಾಟಿ ಕಿವಿಯವರೆಗೆ ಬಂದಿತ್ತು.

"ನಾನು ಕಣೇ" ಎಂದಳು ಕ್ಲೆರ್ಮೀಸ್.

ಹುಡುಗಿ ಮುಖ ಎತ್ತಿದಳು. "ಅಮ್ಮ" ಎಂದವಳು ಮುಂದೆ ಬರದೆ, ಹಿಂತಿರುಗಿ ಬೋಗುಣಿಯ ಕಡೆ ನೋಡಿದಳು. "ಬಟ್ಟೆ ನೆನೆಸಿದೀನಿ. ಒಗೀದೇ ಇದ್ರೆ ಮದಾಮ್ ಹೊಡೀತಾರೆ."

"ಯಾವ ಮದಾಮು?" ಪಕ್ಕದ ಗುಡಾರದ ಮುದುಕಿ ಗದರಿದಳು. "ಗಡಿ ದಾಟಿ ಹೋಗಿ ಮೂರು ತಿಂಗ್ಳಾಯ್ತು. ಇವಳನ್ನ ಬಿಟ್ಟು ಹೋದ್ಲು. ಈ ಪೆದ್ದಿ ವಾರ ವಾರ ಅವಳ ಬಟ್ಟೆ ಒಗ್ದು ಮಡಿಸಿಡ್ತಾಳೆ, ನೋಡು."

ಕ್ಲೆರ್ಮೀಸಳಿಗೆ ಮಗಳನ್ನು ಎಳೆದು ತಬ್ಬಿಕೊಳ್ಳಬೇಕೆನಿಸಿತು. ಆದರೆ ಕೈ ಎತ್ತಿದರೆ ಹುಡುಗಿ ಬೆದರಿ ಸರಿಯುತ್ತಿದ್ದಳು. ಅದಕ್ಕೇ ಬೋಗುಣಿಯ ಎದುರು ಕುಕ್ಕರಿಸಿ, ಯಾರದೋ ಹಾಸುಬಟ್ಟೆಯ ಒಂದು ತುದಿಯನ್ನು ಹಿಡಿದಳು. ಗೆರ್ಲಾಂದ್ ಇನ್ನೊಂದು ತುದಿಯನ್ನು ಹಿಡಿದಳು. ಇಬ್ಬರೂ ಸೇರಿ ಹಿಂಡಿದರು.

ಕೊನೆಯ ಬಟ್ಟೆಯನ್ನು ಹಗ್ಗಕ್ಕೆ ಹರವಿ, ಗೆರ್ಲಾಂದ್ ಒದ್ದೆ ಕೈಗಳನ್ನು ಹಿಂದಕ್ಕೆ ಕಟ್ಟಿ ತಾಯಿಯ ಮುಂದೆ ನಿಂತಳು.

"ಕೆಲ್ಸ ಎಲ್ಲ ಆಯ್ತು" ಎಂದಳು. "ಈಗ ನಾನು ನಿಮ್ಮ ಜೊತೆ ಬರ್ಬೋದಾ?"