ಕುದುರೆ ಉಜ್ಜಿದ ಕೈಯೂ ಮೇಷ್ಟ್ರ ಸೊಂಟವೂ

ಕೆಳಗೆ ಬಿದ್ದ ಸೀಮೆಸುಣ್ಣವನ್ನು ಬಗ್ಗಿ ಎತ್ತಿಕೊಳ್ಳುವುದರಲ್ಲಿ ಪರಾಕ್ರಮದ ಮಾತೇನೂ ಇಲ್ಲವೆಂದು ತಾವು ತಿಳಿದಿದ್ದರೆ, ತಮ್ಮ ಸೊಂಟ ಇನ್ನೂ ಸುಖವಾಗಿದೆ ಎಂದೇ ಅರ್ಥ. ನಾನೂ ಹಾಗೆಯೇ ತಿಳಿದಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಬೋಧಿಸುತ್ತಿದ್ದಾಗ, ಒಂದು ಬೆಳಗ್ಗೆ ಹಾಗೆ ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಇಡೀ ತರಗತಿಗೆ ನಮಸ್ಕರಿಸುವ ಭಂಗಿಯಲ್ಲಿ ನಾನು ಸ್ಥಾವರನಾಗಿದ್ದರೆ, ಮೊದಲ ಬೆಂಚಿನ ಜಾಣರು ಇದೂ ಪಾಠದ ಭಾಗವಿರಬೇಕೆಂದು ನೋಟ್ಸ್ ಬರೆದುಕೊಳ್ಳಲು ಸಿದ್ಧರಾದರು.

ಅಂದು ನಡೆಯುತ್ತಿದ್ದುದು ಅಂಗಾಂಶಗಳ ಪಾಠ. ಮೂಳೆಯ ಗಾಂಭೀರ್ಯ, ಸ್ನಾಯುವಿನ ಬಲ, ನರದ ಚುರುಕು ಇವುಗಳನ್ನು ವರ್ಣಿಸಿ ವರ್ಣಿಸಿ, ಸಂಯೋಜಕ ಅಂಗಾಂಶದ ಬಳಿಗೆ ಬರುವಾಗ ನನಗೆ ಪ್ರತಿವರ್ಷವೂ ಆಕಳಿಕೆ ಬರುತ್ತಿತ್ತು. ಮೂಳೆಯೂ ಅದೇ ಕುಲದ್ದೆಂದು ಪುಸ್ತಕವೇನೋ ಹೇಳುತ್ತದೆ. ಆದರೆ ಎಲ್ಲವನ್ನೂ ಹೊದಿಸಿ, ಒಂದಕ್ಕೊಂದು ಹೊಂದಿಸಿ ಹಿಡಿಯುವ ಆ ತೆಳ್ಳನೆಯ ಬಿಳಿ ಪೊರೆಗೆ ನನ್ನ ಸಂಸ್ಥಾನದಲ್ಲಿ ಎರಡೇ ಅಂಕ. ‘ಚಾಯ್ಸಿನಲ್ಲಿ ಬಿಡ್ರೋ’ ಎಂದು ಮಕ್ಕಳಿಗೆ ಉದಾರವಾಗಿ ಅಪ್ಪಣೆ ಕೊಟ್ಟಿದ್ದೆ.

ತುಮಕೂರಿನ ಡಾಕ್ಟರು ಸಜ್ಜನರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು, ಮೂಳೆಗಳೆಲ್ಲ ಚೆನ್ನಾಗಿವೆ ಎಂದು ಹೇಳಿ, ಮಾತ್ರೆ ಬರೆದು, ಹಲಗೆಯ ಮೇಲೆ ಮಲಗಲು ಸೂಚಿಸಿದರು. ಮೂಳೆ ಚೆನ್ನಾಗಿದೆಯೆಂಬ ಶುಭವಾರ್ತೆಯೇ ನನಗೆ ಮುಳುವಾಯಿತು. ಫಿಲ್ಮಿನಲ್ಲಿ ಕಾಣದ ನೋವು ಪರೀಕ್ಷಾ ಕರ್ತವ್ಯ ತಪ್ಪಿಸಿಕೊಳ್ಳುವ ನೋವೇ ಇರಬೇಕೆಂದು ಸ್ಟಾಫ್ ರೂಮು ತೀರ್ಮಾನಿಸಿತು. ಎರಡು ವಾರ ಮಲಗಿದೆ. ಹಲಗೆ ಸವೆಯಿತೇ ಹೊರತು ನೋವು ಸವೆಯಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆಯಿದೆ. ನನ್ನ ತಂದೆ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮೂವತ್ತು ವರ್ಷ ಕುದುರೆಗಳ ಮೈ ಉಜ್ಜಿದವರು. ಸಹೋದ್ಯೋಗಿಗಳು ಕೇಳಿದಾಗಲೆಲ್ಲ ನಾನು ‘ಫಾರಂ ಸೂಪರ್‌ವೈಸರ್’ ಎನ್ನುತ್ತಿದ್ದೆ. ಸರ್ಕಾರ ಕೊಡದ ಬಡ್ತಿಯನ್ನು ಮಗನೇ ಕೊಟ್ಟುಬಿಟ್ಟಿದ್ದೆ. ಅದಾದರೂ ಹೋಗಲಿ. ಒಮ್ಮೆ ಅವರು ಶಾಲೆಗೇ ಬಂದಾಗ, ಖಾಕಿ ಚಡ್ಡಿ, ತಲೆಗೆ ಟವೆಲ್ಲು ನೋಡಿ, ಹೆಡ್‌ಮಾಸ್ಟರರ ಮುಂದೆ ‘ನಮ್ಮೂರಿನವರು’ ಎಂದು ಪರಿಚಯಿಸಿದ್ದೆ. ಅಪ್ಪ ಮುಂದಿನ ಬಸ್ಸಿಗೇ ಹೊರಟುಬಿಟ್ಟರು. ಆಮೇಲೆ ಗುಬ್ಬಿಗೆ ಕಾಲಿಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಜನ ಅಂದುಕೊಂಡರೆ, ನಾನು ಗಿಡ ಯಾರಿಗೂ ಕಾಣದಂತೆ ಬೇಲಿಯನ್ನೇ ಹಾಕಿಬಿಟ್ಟಿದ್ದೆ. ಆ ನೋವಿಗೆ ಯಾವ ಎಕ್ಸ್‌ರೇಯನ್ನೂ ನಾನು ತೆಗೆಸಿರಲಿಲ್ಲ.

ನನ್ನ ಹೆಂಡತಿ ನನಗೆ ತಿಳಿಸದೆ ಕುಣಿಗಲ್ಲಿಗೆ ಒಂದು ಕಾರ್ಡು ಬರೆದು ಹಾಕಿದಳು. ಮೂರನೆಯ ದಿನ ಮೊದಲ ಬಸ್ಸಿಗೇ ಅಪ್ಪ ಹಾಜರು. ಬಂದವರು ನನ್ನ ಬೆನ್ನು ಮುಟ್ಟಲಿಲ್ಲ.

“ಡಾಕ್ಟ್ರು ಏನಂದ್ರು, ಅದ ಹೇಳು ಮೊದ್ಲು. ಮೂಳೆ ಕೆಟ್ಟಿದ್ರೆ ನಾ ಕೈ ಹಾಕಾಕಿಲ್ಲ ಮಗಾ.”

ಮೂಳೆ ಸರಿಯಿದೆ ಎಂದ ಮೇಲೆಯೇ ನನ್ನನ್ನು ಬೋರಲು ಮಲಗಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಚರ್ಮವನ್ನು ಮಡಿಕೆಯಾಗಿ ಹಿಡಿದು, ಸೊಂಟದಿಂದ ಮೇಲಕ್ಕೆ ಮೆಲ್ಲನೆ ಉರುಳಿಸಿಕೊಂಡು ಹೋದರು. ಎಲ್ಲ ಕಡೆ ಸರಾಗವಾಗಿ ಉರುಳಿದ ಮಡಿಕೆ ಬಲಸೊಂಟದ ಒಂದು ಕಡೆ ನಿಂತೇಬಿಟ್ಟಿತು. ನಾನು ಕಿರುಚಿದೆ.

“ಇಲ್ಲಿ ತೊಗಲು ಜಾರ್ತಾ ಇಲ್ಲ. ಒಳಗಿನ ಪೊರೆ ಅಂಟ್ಕಂಡೈತೆ. ಬೆನ್ನ ಮ್ಯಾಲೆ ಜೀನು ಹಾಕಿ ಹಾಕಿ ಕುದ್ರೆಗೂ ಹಿಂಗೇ ಆಯ್ತದೆ.”

ನಾನು ಎರಡು ಅಂಕಕ್ಕೆ ಇಳಿಸಿದ್ದ ಪೊರೆಯನ್ನು, ಆ ಪಾಠ ಓದದ ಮನುಷ್ಯ ಬೆರಳ ತುದಿಯಲ್ಲಿ ಓದುತ್ತಿದ್ದರು. ದಿನಕ್ಕೆರಡು ಸಲ ಆ ಜಾಗವನ್ನು ಹಿತವಾಗಿ ಉರುಳಿಸಿ ಸಡಿಲಿಸಿದರು. ಹಲಗೆಯನ್ನು ಮಾತ್ರ ಒಪ್ಪಲಿಲ್ಲ. “ಕಟ್ಟಾಕಿದ ಕುದ್ರೆ ಇನ್ನೂ ಬಿಗ್ಕಂತದೆ. ಏಳು, ನಡಿ” ಎಂದು ಕೆರೆ ಏರಿಯ ಮೇಲೆ ನನ್ನನ್ನು ಹತ್ತು ಹೆಜ್ಜೆಯಿಂದ ಹತ್ತು ಫರ್ಲಾಂಗಿನವರೆಗೆ ನಡೆಸಿದರು. ಹಿಂದೆ ಅವರು, ಮುಂದೆ ನಾನು. ಲಗಾಮೊಂದು ಇರಲಿಲ್ಲ, ಅಷ್ಟೆ. ಮೂರು ವಾರಕ್ಕೆ ನಾನು ಬಗ್ಗಿ ನನ್ನ ಚಪ್ಪಲಿಯ ಪಟ್ಟಿಯನ್ನು ನಾನೇ ಹಾಕಿಕೊಂಡೆ.

ಮತ್ತೆ ತೋರಿಸಲು ತುಮಕೂರಿಗೆ ಹೋದಾಗ ಅಪ್ಪನೂ ಜೊತೆಗೆ ಬಂದರು. ಹೊರಗಿನ ಬೆಂಚು ತುಂಬಿತ್ತು. ಅವರು ಜಗಲಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಡಾಕ್ಟರು ನನ್ನನ್ನು ಬಗ್ಗಿಸಿ, ತಿರುಗಿಸಿ, ಅಚ್ಚರಿಪಟ್ಟು, ಇದನ್ನು ಯಾರು ನೋಡಿದರೆಂದು ಕೇಳಿದರು. ಕುಣಿಗಲ್ಲಿನಲ್ಲಿ ಕುದುರೆ ಉಜ್ಜುತ್ತಿದ್ದವರು, ಹೊರಗೇ ಇದ್ದಾರೆ ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಅಪ್ಪ ಎಂಬ ಎರಡಕ್ಷರವನ್ನು ಅಂದೂ ಸೇರಿಸಲಿಲ್ಲ.

ಡಾಕ್ಟರು ಅವರನ್ನು ಒಳಗೆ ಕರೆಸಿ, ಎಲ್ಲವನ್ನೂ ವಿಚಾರಿಸಿ, ಆಮೇಲೆ ಮಾಡಿದ್ದನ್ನು ನಾನು ಮರೆಯಲಾರೆ. ಬಿಳಿ ಕೋಟು ಬಿಚ್ಚಿ, ಷರಟು ಮೇಲೆತ್ತಿ, ಬೆನ್ನು ತಿರುಗಿಸಿ ನಿಂತರು. “ಯಜಮಾನ್ರೇ, ದಿನವೆಲ್ಲ ನಿಂತೂ ನಿಂತೂ ಸಾಕಾಗಿದೆ. ನಂದೂ ಒಂದು ಸಲ ನೋಡಿ.”

ಅಪ್ಪ ಟವೆಲ್ಲಿಗೆ ಕೈ ಒರೆಸಿಕೊಂಡು, ನನಗೆ ಹಿಡಿದಂತೆಯೇ ಮಡಿಕೆ ಹಿಡಿದರು. “ಮೇಷ್ಟ್ರದ್ದಕ್ಕಿಂತ ಬಿಗಿ ಐತೆ ಸ್ವಾಮಿ,” ಎಂದರು.

ಡಾಕ್ಟರು ನಗುತ್ತ, “ಮೇಷ್ಟ್ರು ನಿಮಗೇನಾಗಬೇಕು?” ಎಂದರು.

ಅಪ್ಪ ನನ್ನ ಕಡೆ ನೋಡಲಿಲ್ಲ. “ಗೊತ್ತಿರೋರು ಸ್ವಾಮಿ.”

ಸುಳ್ಳನ್ನು ನನ್ನ ಹಾಗೆ ತಡವರಿಸದೆ, ನನ್ನ ಮಾನಕ್ಕಾಗಿ, ಅಷ್ಟು ಹಗುರವಾಗಿ ಹೇಳಿಬಿಟ್ಟರು. ನನಗೆ ನಾಚಿಕೆಯಾಯಿತು, ಅದರ ಬೆನ್ನಿಗೇ, ಈ ಕೈ ನನ್ನ ಮನೆಯ ಕೈ ಎಂಬ ಹೆಮ್ಮೆ ಎದೆಯಲ್ಲಿ ಉಕ್ಕಿತು. ಬಾಗಿಲು ತೆರೆದೇ ಇತ್ತು. ಬೆಂಚಿನಲ್ಲಿದ್ದವರೆಲ್ಲ ಕತ್ತು ಚಾಚಿ, ಡಾಕ್ಟರ ಬೆನ್ನು ಹಿಡಿದಿರುವ ಈ ಚಡ್ಡಿಯ ಮನುಷ್ಯ ಯಾರೆಂದು ನೋಡುತ್ತಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ನೆಟ್ಟಗೆ ನಿಂತು, ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಹೇಳಿದೆ:

“ಅವರು ನಮ್ಮಪ್ಪ.”