ಸಲಾಕೆ ಹಾಕದೆ ಕೊಟ್ಟ ನಳಿಗೆ

ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ನನ್ನ ಕೆಲಸ ಹೋದದ್ದು ಕೋವಿಡ್‌ನ ಎರಡನೆಯ ವರ್ಷ. ಹದಿನೇಳು ವರ್ಷ ಅಲ್ಲಿ ಪಂಪನ್ನು ತಿರುಗಿಸುವ ಉಕ್ಕಿನ ಗಟ್ಟಿ ಸರಳುಗಳ, ಅಂದರೆ ಶಾಫ್ಟ್‌ಗಳ, ಅಳತೆ ನೋಡುವ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಒಯ್ದರು. ಏಪೆಕ್ಸ್ ಎಂಬ ಊರಿನ ನಮ್ಮ ಮನೆ, ಮಗಳ ಹೈಸ್ಕೂಲು, ಗಂಡನ ಆಸ್ಪತ್ರೆಯ ಕೆಲಸ ಎಲ್ಲ ಬಿಟ್ಟು ಅದರ ಹಿಂದೆ ಹೋಗುವಂತಿರಲಿಲ್ಲ. ನಾಲ್ಕು ತಿಂಗಳು ಅರ್ಜಿ ಹಾಕಿದೆ. ಐವತ್ತರ ಹತ್ತಿರ ಬಂದ ಹೆಂಗಸನ್ನು ಜೂಮ್‌ನಲ್ಲಿ ನಗುತ್ತ ಮಾತಾಡಿಸಿ ಆಮೇಲೆ ಸುಮ್ಮನಾಗುವವರೇ ಹೆಚ್ಚು.

ಕಬ್ಬಿಣದ ಸರಳು ಮಾರುವ ಅಂಗಡಿಯೊಂದರ ಗೋಡೆಯ ಮೇಲೆ ಒಂದು ಚೀಟಿ ನೋಡಿದೆ. ಲೇಥ್ ಗೊತ್ತಿರುವವರು ಬೇಕು, ವಾರಕ್ಕೆ ಮೂರು ದಿನ, ಅಷ್ಟೇ ಬರೆದಿತ್ತು. ವಿಳಾಸ ಏಪೆಕ್ಸ್‌ನಿಂದ ದಕ್ಷಿಣಕ್ಕೆ ಮುಕ್ಕಾಲು ತಾಸಿನ ದಾರಿ. ಹೋಗಿ ನೋಡಿದರೆ ಪೈನ್ ಮರಗಳ ನಡುವೆ ತಗಡಿನ ಶೆಡ್ಡು, ಒಳಗೆ ಕಬ್ಬಿಣ ಕಡೆಯುವ ಹಳೆಯ ಲೇಥ್ ಎರಡು, ಗೋಡೆಯುದ್ದಕ್ಕೂ ಬಂದೂಕು. ಬಂದೂಕು ರಿಪೇರಿಯ ಅಂಗಡಿ. ಮಾಲೀಕ ಎಪ್ಪತ್ತರ ಆಸುಪಾಸಿನ ಬಿಳಿಯ. ಕಿವಿ ಅರ್ಧ ಕೇಳುತ್ತಿರಲಿಲ್ಲ, ಕಣ್ಣಿಗೆ ಪೊರೆ ಬರುತ್ತಿತ್ತು. ನನ್ನ ರೆಸ್ಯುಮೆ ಅವನು ಮುಟ್ಟಲಿಲ್ಲ. ಗೇಣುದ್ದದ ಸರಳೊಂದನ್ನು ಕೊಟ್ಟು ಇಷ್ಟು ದಪ್ಪಕ್ಕೆ ಇಳಿಸಿ ಎಂದು ಕಾಗದದ ಮೇಲೆ ಅಂಕಿ ಬರೆದ. ನಮ್ಮಪ್ಪನಿಗೆ ಹುಬ್ಬಳ್ಳಿಯಲ್ಲಿ ಲೇಥ್ ಅಂಗಡಿ ಇತ್ತು. ಕಾಲೇಜು ಸೇರುವ ಮೊದಲೇ ನನಗೆ ಲೇಥಿನ ತಿರುಗುವ ಹಿಡಿತಕ್ಕೆ ಸರಳು ಕಟ್ಟಲು ಬರುತ್ತಿತ್ತು. ಕೆಲಸ ಮುಗಿಸಿ ಕೊಟ್ಟೆ. ಅವನು ಮೈಕ್ರೊಮೀಟರ್ ಹಾಕಿದ, ಬೆಳಕಿಗೆ ಹಿಡಿದು ನೋಡಿದ, "ನಾಳೆ ಬರ್ತೀರಾ?" ಎಂದ.

ಮನೆಯಲ್ಲಿ ಹೇಳಿದಾಗ ಗಂಡ ಊಟದ ತಟ್ಟೆ ಸರಿಸಿದರು. ಅವರು ತುರ್ತು ಚಿಕಿತ್ಸೆಯ ವಿಭಾಗದ ಡಾಕ್ಟರು.

"ಬ್ಯಾರೆ ಕೆಲ್ಸ ಇಲ್ಲೇನು ಈ ದೇಶದಾಗ?"

"ಸಿಕ್ಕಿದ್ರ ಅಲ್ಲಿಗೇ ಹೋಗ್ತಿದ್ನಿರಿ."

"ನಾ ದವಾಖಾನ್ಯಾಗ ಗುಂಡ್ ತಗೀತೀನಿ. ನೀ ಅಲ್ಲಿ ಬಂದೂಕಿನ ನಳಗಿ ಕೊರೀತಿ."

"ಅವು ಜಿಂಕಿ ಹೊಡಿಯೋ ಬಂದೂಕ್ರಿ."

"ಎಲ್ಲಾ ಗುಂಡೂ ಒಂದೇ ಥರ ಹೋಗ್ತಾವ," ಎಂದು ಕೈ ತೊಳೆಯಲು ಎದ್ದರು. ಆ ವಾರವೇ ಗುಂಡೇಟು ತಿಂದ ಹತ್ತೊಂಬತ್ತರ ಹುಡುಗಿಯೊಬ್ಬಳು ಅವರ ಕೈಯಲ್ಲೇ ಪ್ರಾಣ ಬಿಟ್ಟಿದ್ದಳು. ಅದು ನನಗೆ ಗೊತ್ತಿತ್ತು. ಆದರೂ ಮರುದಿನ ಹೋದೆ. ಜಗಳ ಆಗಲಿಲ್ಲ, ಅಂಗಡಿಯ ಸುದ್ದಿ ಊಟದ ಹೊತ್ತಿನಲ್ಲಿ ತೆಗೆಯುವುದನ್ನು ನಾನು ಬಿಟ್ಟೆ, ಅವರು ಕೇಳುವುದನ್ನು ಬಿಟ್ಟರು.

ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ, ಜಿಂಕೆ ಬೇಟೆಯ ಕಾಲಕ್ಕೆ ಮೊದಲು, ಒಬ್ಬ ಹೆಂಗಸು ಬಂದಳು. ಕಪ್ಪು ಜನಾಂಗದವಳು, ವಯಸ್ಸು ಅರವತ್ತೆಂಟು, ಹಳ್ಳಿ ದಾರಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತಳಾದವಳು. ಹಳೆಯ ಕಂಬಳಿಯಲ್ಲಿ ಸುತ್ತಿದ್ದ ರೈಫಲ್ಲನ್ನು ಮೇಜಿನ ಮೇಲೆ ಬಿಚ್ಚಿದಳು. ಅವಳ ತಂದೆಯದು. ಒಂದೊಂದು ಗುಂಡಿಗೂ ಪಕ್ಕದ ಹಿಡಿಯನ್ನು ಕೈಯಿಂದ ಎಳೆದು ಮುಚ್ಚಬೇಕಾದ ಹಳೆಯ ನಮೂನೆ, ನಳಿಗೆ ಮೊಳಕ್ಕಿಂತ ಉದ್ದ.

"ಎಡಗಿವಿಯಲ್ಲಿ ಇಪ್ಪತ್ತನಾಲ್ಕು ತಾಸೂ ಜೀರುಂಡೆ ಕೂಗುತ್ತೆ," ಎಂದಳು. "ನಮ್ಮ ಕಾಲದಲ್ಲಿ ಕಿವಿಗೆ ಏನೂ ಹಾಕ್ತಿರಲಿಲ್ಲ. ಉಳಿದದ್ದನ್ನಾದ್ರೂ ಉಳಿಸಿಕೋ ಅಂದ್ರು ಡಾಕ್ಟ್ರು. ಅದಕ್ಕೇ ಗುಂಡಿನ ಸದ್ದು ಕುಗ್ಗಿಸೋ ಸೈಲೆನ್ಸರ್ ತಗೊಂಡೆ." ಅದಕ್ಕೆ ಸರಕಾರದ ಒಪ್ಪಿಗೆ ಬರಲು ತಿಂಗಳುಗಟ್ಟಲೆ ಕಾದಿದ್ದಳು. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ತಂದಿದ್ದಳು.

ತೊಂದರೆ ಏನೆಂದರೆ, ಆ ಉದ್ದದ ನಳಿಗೆಯ ತುದಿಗೆ ಇನ್ನೂ ಗೇಣುದ್ದದ ಸೈಲೆನ್ಸರ್ ಕೂಡಿಸಿದರೆ ರೈಫಲ್ಲಿನ ಮೂತಿ ಭಾರವಾಗಿ ನೆಲಕ್ಕೆ ಬಾಗುತ್ತಿತ್ತು. ಹಿಂದಿನ ಚಳಿಗಾಲದಲ್ಲಿ ಅವಳ ಭುಜಕ್ಕೆ ಆಪರೇಷನ್ ಆಗಿತ್ತು. ಎತ್ತಿ ಹಿಡಿಯಲು ಆಗುತ್ತಿರಲಿಲ್ಲ.

"ಕತ್ತರಿಸಬಹುದು," ಎಂದ ಮಾಲೀಕ. "ಆದರೆ ಹದಿನಾರು ಇಂಚಿನ ಕೆಳಗೆ ಹೋಗೋ ಹಾಗಿಲ್ಲ. ಹೋದರೆ ಬೇರೆ ಕಾನೂನು, ಬೇರೆ ಕಾಗದ. ನಾನು ಎರಡಿಂಚು ಹೆಚ್ಚಿಗೇನೇ ಬಿಡ್ತೀನಿ."

"ಕತ್ತರಿಸಿದ ಮೇಲೂ ನೆಟ್ಟಗೆ ಹೊಡೆಯತ್ತಾ?"

"ಮೊದಲಿನಷ್ಟು ವೇಗ ಇರಲ್ಲ. ನೀವು ಹೊಡೆಯೋ ದೂರಕ್ಕೆ ಅದರಿಂದೇನೂ ಆಗಲ್ಲ. ಕೆಲಸ ಸರಿಯಾಗಿ ಮಾಡಿದರೆ ನಿಮ್ಮ ಮೊಮ್ಮಕ್ಕಳ ತನಕ ಬರುತ್ತೆ."

ಅವಳು ನಳಿಗೆಯ ಮೇಲೆ ಕೈಯಾಡಿಸಿದಳು. "ಅಪ್ಪ ಇದ್ದಿದ್ದರೆ ಬೈತಿದ್ದ," ಎಂದಳು. ಆಮೇಲೆ, "ಇರಲಿ, ಮಾಡಿ. ಅವನ ಕಿವೀನೂ ಕೊನೆಗೆ ಹೋಗಿತ್ತು."

ಆ ವಾರವೇ ಮಾಲೀಕನ ಕಣ್ಣಿನ ಪೊರೆಯ ಆಪರೇಷನ್. ಆರು ದಿನ ಅಂಗಡಿ ನನ್ನ ಮೇಲಿತ್ತು. ಹೊರಡುವ ಮುಂಚೆ ಅವನು ಗೋಡೆಗೆ ನೇತುಹಾಕಿದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೋರಿಸಿದ. ಅದರಲ್ಲಿ ಕೂದಲಿನಷ್ಟೂ ವಕ್ರವಿಲ್ಲದ ತೆಳ್ಳನೆಯ ಉಕ್ಕಿನ ಸಲಾಕೆ. ಸೈಲೆನ್ಸರ್ ಕೂಡಿಸಿದ ಮೇಲೆ ಅದನ್ನು ಖಾಲಿ ನಳಿಗೆಯೊಳಗೆ ತೂರಿಸಿ, ತುದಿಯ ರಂಧ್ರದಲ್ಲಿ ನಡುಮಧ್ಯಕ್ಕೆ ಬರುತ್ತದೆಯೇ ನೋಡಬೇಕು. ಒಂದು ಪಕ್ಕಕ್ಕೆ ವಾಲಿದರೆ ಗುಂಡು ಸೈಲೆನ್ಸರಿನ ಒಳಗಿನ ಬಿಲ್ಲೆಗಳಿಗೆ ಬಡಿಯುತ್ತದೆ. "ಇದನ್ನು ನೋಡದೆ ಯಾವುದನ್ನೂ ಬಾಗಿಲು ದಾಟಿಸಬೇಡಿ," ಎಂದ.

ನಳಿಗೆ ಕತ್ತರಿಸಿದೆ, ತುದಿ ಸಮ ಮಾಡಿದೆ, ಸೈಲೆನ್ಸರನ್ನು ತಿರುಗಿಸಿ ಕೂಡಿಸಲು ಥ್ರೆಡ್ ಕೊರೆದೆ. ಕೆಲಸ ಚೆನ್ನಾಗಿ ಬಂತು. ಹೊರಮೈಗೆ ಓರೆ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಅದರ ಮುಳ್ಳು ಅಲುಗಲಿಲ್ಲ. ಸೈಲೆನ್ಸರ್ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು. ಹದಿನೇಳು ವರ್ಷ ಶಾಫ್ಟ್ ನೋಡಿದ ಕಣ್ಣು ನನ್ನದು; ಮುಳ್ಳು ನಿಂತರೆ ಕೆಲಸ ಮುಗಿಯಿತು ಎಂದೇ ಲೆಕ್ಕ. ಶುಕ್ರವಾರ ಮಧ್ಯಾಹ್ನ ಅವಳು ಬಂದಳು. ಅದೇ ಹೊತ್ತಿಗೆ ಡೆಲಿವರಿಯ ಟ್ರಕ್ಕೂ ಬಂತು. ಒಂದು ಕಡೆ ಟ್ರಕ್ಕಿನವನಿಗೆ ಸಹಿ, ಇನ್ನೊಂದು ಕಡೆ ಅವಳ ಕಾಗದ. ಅವಳು ರೈಫಲ್ ಎತ್ತಿ ಭುಜಕ್ಕೆ ಇಟ್ಟು ನೋಡಿ, "ಇದು ನನ್ನ ಕೈಗೆ ಹೊಂದುತ್ತೆ," ಎಂದು ನಕ್ಕಳು. ಕಂಬಳಿಯಲ್ಲಿ ಸುತ್ತಿಕೊಂಡು ಹೋದಳು.

ಅರ್ಧ ತಾಸಿನ ಮೇಲೆ ಕಸ ಗುಡಿಸುತ್ತಿದ್ದೆ. ಪೊರಕೆಯ ಹಿಡಿ ಗೋಡೆಗೆ ತಾಗಿ ಪ್ಲಾಸ್ಟಿಕ್ ಕೊಳವೆ ಅಲುಗಾಡಿತು. ಅದರ ಮುಚ್ಚಳದ ಮೇಲೆ ವಾರದ ಧೂಳು ಹಾಗೇ ಕೂತಿತ್ತು.

ಸಲಾಕೆ ಹಾಕಿ ನೋಡಿರಲೇ ಇಲ್ಲ. ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಮೂರನೆಯ ಸಲ ಮಾಡಿದೆ. ಅವಳಿಗೆ ಫೋನಿನ ಗಂಟೆ ಕೇಳುವುದು ಕಷ್ಟ ಎನ್ನುವುದು ಆಗ ಹೊಳೆಯಿತು. ಕಾಗದದಲ್ಲಿ ವಿಳಾಸವಿತ್ತು. ಸಲಾಕೆಯ ಕೊಳವೆಯನ್ನು ಹಿಂದಿನ ಸೀಟಿಗೆ ಹಾಕಿ, ಅಂಗಡಿಗೆ ಬೀಗ ಹಾಕಿ ಹೊರಟೆ. ಇಪ್ಪತ್ತೈದು ನಿಮಿಷದ ದಾರಿ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಸರಿಯಾಗೇ ಇರುತ್ತದೆ, ಮುಳ್ಳು ಅಲುಗಿರಲಿಲ್ಲವಲ್ಲ. ಹಾಗಿದ್ದರೆ ಯಾಕೆ ಇಷ್ಟು ಜೋರಾಗಿ ಓಡಿಸುತ್ತಿದ್ದೀ ಎಂದೂ ನಾನೇ ಕೇಳಿಕೊಂಡೆ.

ಅವಳ ಮನೆ ಹೊಲದ ಅಂಚಿನಲ್ಲಿ. ಮನೆಯ ಹಿಂದೆ ಕೆಂಪು ಮಣ್ಣಿನ ದಿಬ್ಬ, ದಿಬ್ಬಕ್ಕೆ ಆನಿಸಿ ನಿಲ್ಲಿಸಿದ ಹಲಗೆಯ ಮೇಲೆ ಗುರಿಯ ಕಾಗದ. ಇತ್ತ ಕಡೆ ಮರದ ಮೇಜು. ಅವಳು ನನಗೆ ಬೆನ್ನು ಹಾಕಿ ಮೇಜಿನ ಮುಂದೆ ಕೂತಿದ್ದಳು. ಕಿವಿಯ ಮೇಲೆ ದಪ್ಪ ಮುಚ್ಚಳಗಳು, ಕೆನ್ನೆ ರೈಫಲ್ಲಿಗೆ ಒರಗಿತ್ತು. ಓಡಿಹೋಗಿ ಮುಟ್ಟಿದರೆ ಬೆಚ್ಚಿಬಿದ್ದಾಳು. ಕಾರಿನ ಹಾರ್ನ್ ಒತ್ತಿ ಹಿಡಿದೆ. ಅವಳಿಗೆ ಕೇಳಲಿಲ್ಲ. ಮೇಜಿನ ಕೆಳಗೆ ಮಲಗಿದ್ದ ನಾಯಿಗೆ ಕೇಳಿಸಿತು. ಅದು ಎದ್ದು ಬೊಗಳುತ್ತ ನನ್ನ ಕಾರಿನ ಕಡೆ ಓಡಿಬಂತು. ನಾಯಿ ಹೋದದ್ದು ನೋಡಿ ಅವಳು ತಲೆ ಎತ್ತಿದಳು, ತಿರುಗಿದಳು. ರೈಫಲ್ ತೆರೆದು ಗುಂಡು ಹೊರಗೆ ತೆಗೆದಿಟ್ಟು, ಆಮೇಲೆ ಎದ್ದು ಬಂದಳು.

"ಹೊಡೆದ್ರಾ?" ಎಂದೆ.

"ಏನು?"

"ಒಂದಾದ್ರೂ ಹೊಡೆದ್ರಾ?"

"ಇಲ್ಲ. ಈಗ ಹೊಡೆಯೋಳಿದ್ದೆ. ಏನಾಯ್ತು?"

"ನಾನು ಒಂದು ಪರೀಕ್ಷೆ ಮಾಡದೆ ಕೊಟ್ಟುಬಿಟ್ಟೆ."

ಅವಳು ನನ್ನ ಮುಖ ನೋಡಿದಳು. "ತಪ್ಪಿದೆ ಅಂತ ಗೊತ್ತಾ, ಇಲ್ಲಾ ಇರಬಹುದು ಅಂತಾನಾ?"

"ಗೊತ್ತಿಲ್ಲ. ಅದಕ್ಕೇ ಬಂದೆ."

ರೈಫಲ್ಲನ್ನು ಅವಳ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ ಮಲಗಿಸಿದೆವು. ಖಾಲಿ ಇದೆಯೆಂದು ಇಬ್ಬರೂ ಎರಡೆರಡು ಸಲ ನೋಡಿದೆವು. ಸಲಾಕೆ ತೂರಿಸಿದೆ. ಆಚೆ ತುದಿಯಲ್ಲಿ ಅವಳು ಕನ್ನಡಕ ಹಾಕಿಕೊಂಡು ಟಾರ್ಚ್ ಹಿಡಿದು ಬಗ್ಗಿದಳು.

"ಒಂದು ಪಕ್ಕ ಜಾಗ ಇದೆ," ಎಂದಳು. "ಇನ್ನೊಂದು ಪಕ್ಕ ಇಲ್ಲ."

ನಾನು ಹೋಗಿ ನೋಡಿದೆ. ಸಲಾಕೆ ರಂಧ್ರದ ಒಂದು ಅಂಚಿಗೆ ಒರಗಿಕೊಂಡಿತ್ತು. ಅವಳು ಹೊಡೆದಿದ್ದರೆ ಮೊದಲ ಗುಂಡೇ ಒಳಗೆ ತಾಗುತ್ತಿತ್ತು. ತಿಂಗಳುಗಟ್ಟಲೆ ಕಾದು ತಂದ ವಸ್ತು ಹಾಳಾಗುತ್ತಿತ್ತು, ಚೂರು ಎತ್ತ ಹಾರುತ್ತಿತ್ತೋ ಹೇಳಲಾಗದು. ಕುರ್ಚಿಯ ಮೇಲೆ ಕೂತುಬಿಟ್ಟೆ. ಅವಳು ಬೈಯಲಿಲ್ಲ. ಒಲೆಯ ಮೇಲೆ ನೀರಿಟ್ಟಳು. ಇಬ್ಬರಿಗೂ ಟೀ ಮಾಡಿದಳು. ಆಮೇಲೆ, "ಒಮ್ಮೆ ನಾನು ಒಂದು ಇಡೀ ರಸ್ತೆಯ ಟಪಾಲನ್ನು ಪಕ್ಕದ ರಸ್ತೆಗೆ ಹಾಕಿದ್ದೆ," ಎಂದಳು. "ಬಿಸಿಲಲ್ಲಿ ಒಂದೊಂದೇ ಡಬ್ಬಿಯಿಂದ ವಾಪಸ್ ತೆಗೆದೆ. ಜನ ಕಿಟಕಿಯಿಂದ ನೋಡ್ತಿದ್ರು." ಅಷ್ಟು ಹೇಳಿ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿದಳು. "ನಡಿ, ಅಂಗಡಿ ತನಕ ನಾನೂ ಬರ್ತೀನಿ. ಇದನ್ನ ಅಲ್ಲೇ ಬಿಟ್ಟು ಬರೋಣ."

ಅದನ್ನು ಅಂಗಡಿಯ ತಿಜೋರಿಯಲ್ಲಿಟ್ಟ ಮೇಲೆ ಮಾಲೀಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಮೊದಲಿನಿಂದ ಶುರುಮಾಡಿದೆ.

"ಕೇಳಿಸ್ತು," ಎಂದ. "ನೀವು ಹೊರಮೈ ನೋಡಿದ್ರಿ. ನಿಮ್ಮ ಶಾಫ್ಟಿನಲ್ಲಿ ತೂತು ಇರಲಿಲ್ಲ. ಹಳೇ ನಳಿಗೆಗಳಲ್ಲಿ ಹೊರಗಿನ ದುಂಡಿಗೂ ಒಳಗಿನ ತೂತಿಗೂ ಸಂಬಂಧ ಇರಲ್ಲ. ತೂತು ತನಗೆ ತೋಚಿದ ಕಡೆ ಹೋಗಿರುತ್ತೆ. ನಾನದನ್ನ ಹೇಳಬೇಕಿತ್ತು."

"ಸಲಾಕೆ ಹಾಕಿ ಅಂತ ಹೇಳಿದ್ರಲ್ಲ."

"ಹೌದು. ಅದನ್ನು ಹೇಳಿದ್ದೆ," ಎಂದ. ದನಿಯಲ್ಲಿ ಸಿಟ್ಟಿತ್ತು. ಇರಬೇಕಾದದ್ದೇ.

ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೂ ಹೇಳಿದೆ. ಒಂದು ವರ್ಷದಲ್ಲಿ ಅಂಗಡಿಯ ಮಾತು ತಟ್ಟೆಯ ಮುಂದೆ ಬಂದದ್ದು ಅದೇ ಮೊದಲು. ಪೂರ್ತಿ ಕೇಳಿದರು.

"ಹಾರಿಸಿದ್ರ ಏನಾಗ್ತಿತ್ತು?"

"ಸೈಲೆನ್ಸರ್ ಹೋಗ್ತಿತ್ತು. ಆಕೀಗೆ ಏನೂ ಆಗದನೂ ಇರಬಹುದಿತ್ತು. ಆಗ್ಲೂಬಹುದಿತ್ತು."

ಆ ಕೆಲಸ ಬಿಟ್ಟುಬಿಡು ಎನ್ನುತ್ತಾರೆ ಎಂದುಕೊಂಡೆ. ಅವರು ರೊಟ್ಟಿ ಮುರಿಯುತ್ತ ಕೂತರು. "ಒಮ್ಮೆ ನಾ ಎಡಗೈಯ ಎಕ್ಸ್-ರೇ ನೋಡಿ ಬಲಗೈಗೆ ಪಟ್ಟಿ ಕಟ್ಟಲಿಕ್ಕೆ ಹೋಗಿದ್ದೆ," ಎಂದರು. "ನರ್ಸ್ ತಪ್ಪು ಹಿಡಿದ್ಲು. ನಿನಗ ಹೇಳಿರ್ಲಿಲ್ಲ." ಆಮೇಲೆ, "ಸೋಮವಾರ ಹೋಗ್ತಿಯಲ್ಲ? ಹೋಗಿ ಸರಿ ಮಾಡಿ ಬಾ."

ಸೋಮವಾರ ಮಾಲೀಕನೂ ಬಂದ, ಒಂದು ಕಣ್ಣಿಗೆ ಪ್ಲಾಸ್ಟಿಕ್ ಕವಚ ಕಟ್ಟಿಕೊಂಡು. ನಾನು ಕೊರೆದ ಥ್ರೆಡ್ಡನ್ನು ಕತ್ತರಿಸಿ ತೆಗೆಯಬೇಕಾಯಿತು. ಬಿಟ್ಟಿದ್ದ ಎರಡಿಂಚಿನಲ್ಲಿ ಮುಕ್ಕಾಲಿಂಚು ಅದಕ್ಕೆ ಹೋಯಿತು. ಈ ಸಲ ಒಳಗಿನ ತೂತಿನ ಪ್ರಕಾರ ನಳಿಗೆಯನ್ನು ಲೇಥಿಗೆ ಕೂಡಿಸಿದೆವು. ಅವನಿಗೆ ಮುಳ್ಳು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತು "ಈಗೆಷ್ಟು?" ಎನ್ನುತ್ತಿದ್ದ. ನಾನು ಅವನ ಸರಿ ಇರುವ ಕಿವಿಯ ಹತ್ತಿರ ಬಾಯಿ ತಂದು ಅಂಕಿ ಕೂಗುತ್ತಿದ್ದೆ. ಕೂಡಿಸುವುದಕ್ಕೇ ಬೆಳಗಿನಿಂದ ಮಧ್ಯಾಹ್ನವಾಯಿತು. ಥ್ರೆಡ್ ಮುಗಿದ ಮೇಲೆ ಸಲಾಕೆ ಹಾಕಿದೆ. ಸುತ್ತ ಒಂದೇ ಸಮ ಜಾಗ. ಹೊರತೆಗೆದು ಮತ್ತೊಮ್ಮೆ ಹಾಕಿದೆ. ಅವನು ಮೂರನೆಯ ಸಲವೂ ಹಾಕಿಸಿದ.

ಎರಡು ದಿನದ ಮೇಲೆ ಶೆಡ್ಡಿನ ಹಿಂದಿನ ಬಯಲಿನಲ್ಲಿ ಪರೀಕ್ಷೆ. ಅವಳು ಬಂದು ತಾನೇ ಹೊಡೆಯುತ್ತೇನೆ ಎಂದಳು, ಮಾಲೀಕ ಬಿಡಲಿಲ್ಲ. ರೈಫಲ್ಲನ್ನು ಚೌಕಟ್ಟಿಗೆ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ, ಮೊದಲ ಮೂರು ಗುಂಡನ್ನು ದೂರದಿಂದ ಎಳೆದು ಹಾರಿಸಿದ. ಆಮೇಲೆ ಅವಳು ಕೂತಳು. ಯಾರೋ ಹಲಗೆಯಿಂದ ಹಲಗೆಗೆ ಬಡಿದಷ್ಟು ಸದ್ದು. ಮೊದಲ ಎರಡು ಗುಂಡು ಗುರಿಯ ಕಾಗದದ ಕೆಳಗಡೆ ಬಿದ್ದವು. ಗುರಿಯ ದುರ್ಬೀನು ಸರಿಮಾಡಿದ ಮೇಲಿನ ನಾಲ್ಕು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಕೂತವು. ನಡುನಡುವೆ ಸೈಲೆನ್ಸರ್ ಸಡಿಲವಾಗಿದೆಯೇ ಎಂದು ನಾನು ನೋಡುತ್ತಿದ್ದೆ. ಆಗಿರಲಿಲ್ಲ. ಅವಳು ಕಿವಿಯ ಮುಚ್ಚಳ ತೆಗೆದು ಭುಜ ನೀವಿಕೊಂಡಳು.

"ನೋವಾಯ್ತಾ?" ಎಂದೆ.

"ಸ್ವಲ್ಪ. ಮುಂಚಿನ ಹಾಗಲ್ಲ."

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಎರಡು ಚೀಲ ಇದ್ದವು. ಮಾಲೀಕನಿಗೆ ಜಿಂಕೆಯ ಮಾಂಸ, ಐಸಿನಲ್ಲಿ ಕಟ್ಟಿದ್ದು. ನಾನು ಮಾಂಸ ತಿನ್ನುವುದಿಲ್ಲ ಎಂದು ಅವಳಿಗೆ ಟೀ ಕುಡಿಯುವಾಗ ಹೇಳಿದ್ದೆನೋ ಏನೋ, ನನ್ನ ಚೀಲದಲ್ಲಿ ಅವಳ ಹೊಲದ ಗೆಣಸು. ಆ ಭಾನುವಾರ ಗೆಣಸಿನ ಹೋಳಿಗೆ ಮಾಡಿದೆ. ಯಾರು ಕೊಟ್ಟರು ಎಂದು ಗಂಡ ಕೇಳಿದರು, ಹೇಳಿದೆ. ತುಪ್ಪ ಹಾಕಿಕೊಂಡು ಒಂದು ತಿಂದರು, ಇನ್ನೊಂದು ಹಾಕಿಸಿಕೊಂಡರು.

"ಆಕಿ ಕಿವಿ ಈಗ ಹೆಂಗದ?" ಎಂದರು.

"ಮೊದ್ಲಿನಂಗ ಐತ್ರಿ. ಅದಕ್ಕಿಂತ ಹೆಚ್ಚ ಕೆಟ್ಟಿಲ್ಲ."

"ಅದ ಸಾಕು," ಎಂದರು.