ಅವ್ವನ ಸೀರೆಯ ಕೌದಿ

ಯಾರ ಬಂಗಾರ ನೋಡಿಯೂ ನನಗೆ ಹೊಟ್ಟೆ ಉರಿದಿಲ್ಲ. ಯಾರ ನಿದ್ದೆ ನೋಡಿದರೂ ಉರಿಯುತ್ತಿತ್ತು. ಅದರಲ್ಲೂ ನನ್ನ ಒಡಹುಟ್ಟಿದ ತಂಗಿ ಮಲಗಿದ್ದು ಕಂಡರೆ ತಡೆಯಲಾಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗಂಡನಿಗೆ ನಾಸಿಕದ ಹತ್ತಿರ ಓಝರದ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಧಾರವಾಡದಿಂದ ಬಂದು ಅಲ್ಲಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ್ದೆವು. ಮಗಳು ಹುಟ್ಟಿದಾಗ ಹೋದ ನನ್ನ ನಿದ್ದೆ, ಅವಳು ಶಾಲೆಗೆ ಹೋಗುವಷ್ಟಾದರೂ ತಿರುಗಿ ಬರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ಜಡೆ ಹೆಣೆಯುವಾಗ ಮಗಳು ತುಸು ಅಲುಗಿದರೆ ಬೆನ್ನಿಗೆ ಗುದ್ದಿ, ಆಮೇಲೆ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಡಾಕ್ಟರ ಗುಳಿಗೆ ನುಂಗಿದರೆ ಮರುದಿನವಿಡೀ ತಲೆ ಭಾರ. ಸುಮ್ಮನೆ ಕಣ್ಣು ಮುಚ್ಚು, ತಾನೇ ಬರುತ್ತದೆ ಎನ್ನುತ್ತಿದ್ದರು ಗಂಡ. ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯುವವರಿಗೆ ಉಪದೇಶಕ್ಕೇನು ಕೊರತೆ.

ತಂಗಿಯನ್ನು ಔರಂಗಾಬಾದಿಗೆ ಕೊಟ್ಟಿತ್ತು, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ. ಸಣ್ಣವಳಿದ್ದಾಗ ಕೈಯಲ್ಲಿ ರೊಟ್ಟಿ ಹಿಡಿದೇ ತಾಟಿನ ಮುಂದೆ ಮಲಗಿಬಿಡುತ್ತಿದ್ದಳು. ನಾವಿಬ್ಬರೂ ಒಂದೇ ಕೌದಿಯಡಿ ಬೆಳೆದವರು. ಅವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರಪದರವಾಗಿ ಹಾಸಿ ಕೈಯಲ್ಲೇ ಹೊಲಿದ ಕೌದಿ ಅದು. ಆಗ ನನಗೂ ನಿದ್ದೆ ಬರುತ್ತಿತ್ತು.

ನನ್ನ ಮದುವೆಯಲ್ಲಿ ಅವ್ವ ಹೊಸ ಅರಳೆಯ ಗಾದಿ ಮಾಡಿಸಿಕೊಟ್ಟಳು. ತಂಗಿಯ ಹೊತ್ತಿಗೆ ಮನೆಯಲ್ಲಿ ಅಷ್ಟು ಅನುಕೂಲವಿರಲಿಲ್ಲ. ಹಳೆಯ ಕೌದಿ ಹೊತ್ತುಕೊಂಡು ಅವಳು ಅಳುತ್ತ ಹೋದಾಗ ನಾನು ಒಳಗೊಳಗೇ ಬೀಗಿದ್ದೆ. ಅವ್ವ ತೀರಿಕೊಂಡ ಮೇಲೆ ಎಲ್ಲ ಉಲ್ಟಾ ಆಯಿತು. ಅವ್ವನ ಮೈ ವಾಸನೆ ಉಳಿದಿದ್ದ ಒಂದೇ ವಸ್ತು ತಂಗಿಯ ಪಾಲಾಗಿತ್ತು. ಅದಿರುವುದಕ್ಕೇ ಅವಳಿಗೆ ನಿದ್ದೆ, ಇಲ್ಲದ್ದಕ್ಕೇ ನನಗಿಲ್ಲ ಎಂದು ತಲೆಯಲ್ಲಿ ಕೂತುಬಿಟ್ಟಿತು. ಕೇಳಿದ್ದರೆ ಕೊಡುತ್ತಿದ್ದಳೋ ಏನೋ. ಚಿಕ್ಕವಳ ಮುಂದೆ ಕೈಯೊಡ್ಡಲು ನನಗೆ ಮನಸ್ಸಾಗಲಿಲ್ಲ.

ದೀಪಾವಳಿ ರಜೆಗೆ ಮಗಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋದೆ. ಹೊರಡುವ ದಿನ ಕೌದಿ ಒಗೆದು ಮಾಳಿಗೆಯ ಮೇಲೆ ಒಣಹಾಕಿದ್ದಳು. ಮಧ್ಯಾಹ್ನ ಅವಳ ಎರಡು ವರ್ಷದ ಕೂಸು ನನ್ನ ಮಗಳ ಜೊತೆ ಆಡುತ್ತಿತ್ತು. ತಂಗಿ ಬರಿ ನೆಲದ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು, ಬಾಯಿ ತೆರೆದು ಮಲಗಿದ್ದಳು. ಕೌದಿ ಇಲ್ಲದೆಯೂ ಮಲಗಿದ್ದಾಳಲ್ಲ ಎಂಬ ಬುದ್ಧಿ ನನಗೆ ಹೊಳೆಯಲಿಲ್ಲ. ಮೇಲೆ ಹೋಗಿ ಕೌದಿ ಎಳೆದು ತಂದು ನನ್ನ ಹೋಲ್ಡಾಲಿನಲ್ಲಿ ಸುತ್ತಿ ಬೆಲ್ಟು ಬಿಗಿದೆ. ಎದ್ದವಳು ಕಣ್ಣುಜ್ಜುತ್ತ ನನಗೆ ಕುಂಕುಮ ಹಚ್ಚಿದಳು, ದಾರಿಗೆಂದು ಹಾಲಲ್ಲಿ ನಾದಿದ ದಶಮಿ ರೊಟ್ಟಿ ಕಟ್ಟಿಕೊಟ್ಟಳು. ಎಸ್.ಟಿ. ಬಸ್ಸು ಅರ್ಧ ದಾರಿಯ ಯೇವಲಾ ದಾಟುವ ತನಕ ನಾನು ಹೋಲ್ಡಾಲಿನ ಮೇಲಿಂದ ಕೈ ತೆಗೆಯಲಿಲ್ಲ.

ತಂಗಿಯೇ ಕೊಟ್ಟಳೆಂದು ಗಂಡನಿಗೆ ಹೇಳಿ ಹೊದ್ದುಕೊಂಡೆ. ಕೌದಿಗೆ ಅವ್ವನ ವಾಸನೆಯೇ ಇರಲಿಲ್ಲ. ಸೋಪಿನದಿತ್ತು, ಕೂಸಿನ ಉಚ್ಚೆಯದಿತ್ತು. ಅವ್ವನನ್ನೂ ಒಗೆದು ಹಾಕಿಬಿಟ್ಟಿದ್ದಾಳೆ ಎಂದು ತಂಗಿಯ ಮೇಲೇ ಸಿಟ್ಟು ಬಂತು. ನಿದ್ದೆ ಬರಲಿಲ್ಲ.

ಮೂರು ವಾರಕ್ಕೆ ಅವಳ ಇನ್‌ಲ್ಯಾಂಡ್ ಪತ್ರ ಬಂತು. ಮಾಳಿಗೆಯಿಂದ ಯಾರೋ ಕೌದಿ ಕದ್ದರೆಂದು ಬರೆದಿದ್ದಳು. "ಅದರ ತುದಿ ಬಾಯಾಗ ಇಟಗೊಂಡಽ ಕೂಸು ಮಲಗತಿತ್ತು. ಈಗ ಮಲಗವಲ್ಲದು, ಅದರ ಜೋಡಿ ನಾನೂ ಎದ್ದು ಕೂತಿರತೀನಿ. ನಿದ್ದಿ ಬರೂದಿಲ್ಲಂತ ನೀ ಅಂದಾಗೆಲ್ಲಾ ನಾ ನಗತಿದ್ದೆ, ಅಕ್ಕಾ. ಇಷ್ಟು ವರ್ಷ ಹ್ಯಾಂಗ ತಡಕೊಂಡಿ?"

ಎರಡು ಸಲ ಓದಿದೆ. ನನಗೆ ದುಃಖವಾಗಲಿಲ್ಲ, ಸಂತೋಷವಾಯಿತು. ಕೊನೆಗೂ ಅವಳಿಗೆ ಗೊತ್ತಾಯಿತಲ್ಲ ಎನಿಸಿತು. ಪತ್ರವನ್ನು ದಿಂಬಿನಡಿ ಇಟ್ಟು ಸುಮ್ಮನೆ ಅಡ್ಡಾದೆ. ಮತ್ತೆ ಕಣ್ಣು ಬಿಟ್ಟಾಗ ಮಗಳು ಶಾಲೆಯಿಂದ ಬಂದು ಬಾಗಿಲು ಬಡಿದೂ ಬಡಿದೂ ಅಳುತ್ತಿದ್ದಳು. ನಾಲ್ಕು ತಾಸು ಮಲಗಿದ್ದೆ. ಮೈ ಹಗುರಾಗಿತ್ತು, ತಲೆ ತಿಳಿಯಾಗಿತ್ತು. ಯಾವುದರಿಂದ ಆ ನಿದ್ದೆ ಬಂತೆಂದು ತಿಳಿದಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನವೇ ಕೌದಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಬಾಗಿಲು ತೆರೆದ ತಂಗಿಯ ಕಣ್ಣಿನ ಸುತ್ತ ಕಪ್ಪಾಗಿತ್ತು. ಕದ್ದವಳು ನಾನೇ ಎಂದು ಹೇಳಿದೆ. ಬೈದಳು, ಅತ್ತಳು, ಆಮೇಲೆ ಚಹಾ ಮಾಡಿಕೊಟ್ಟಳು. ಹತ್ತು ನಿಮಿಷದಲ್ಲಿ ಕೂಸೂ ಅವಳೂ ಅದೇ ಕೌದಿಯಡಿ ಮಲಗಿಬಿಟ್ಟರು. ಪಕ್ಕದಲ್ಲಿ ನಾನು ಎಚ್ಚರವಾಗಿ ಕೂತಿದ್ದೆ. ಆ ನಾಲ್ಕು ತಾಸಿನ ನಿದ್ದೆಯ ಮಾತನ್ನು ಮಾತ್ರ ಅವಳಿಗೆ ಇವತ್ತಿಗೂ ಹೇಳಿಲ್ಲ.